ಬಯಲುಸೀಮೆಯ ಮನೆಯಲ್ಲಿ ಟರಾಂಟುಲಾ ಮರಿ ಮಾಡಿಸುವುದು

ಟರಾಂಟುಲಾ ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ. ಅದರ ಗಂಡು ಹೆಣ್ಣನ್ನು ಜೋಡಿಗೆ ಬಿಡುವುದು ಹತ್ತು ನಿಮಿಷದ ಕೆಲಸ. ಅದಕ್ಕೆ ಮುಂಚಿನ ಕೆಲವು ತಿಂಗಳು, ಆಮೇಲಿನ ಕೆಲವು ತಿಂಗಳು ಲೆಕ್ಕ ಬರೆದಿಟ್ಟವರಿಗೆ ಮಾತ್ರ ಮರಿ ಕೈಗೆ ಬರುತ್ತವೆ. ಲೆಕ್ಕ ಅಂದರೆ ಪೊರೆ ಬಿಟ್ಟ ತಾರೀಖಿನ ಲೆಕ್ಕ. ಶಿಡ್ಲಘಟ್ಟ, ಚಿಂತಾಮಣಿ, ಮುಳಬಾಗಿಲು ಕಡೆ ರೇಷ್ಮೆ ಹುಳು ಮೇಯಿಸುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ಪೊರೆ ಬಿಡುವುದನ್ನು ಅಲ್ಲಿ ಜ್ವರ ಅನ್ನುತ್ತಾರೆ. ಹುಳು ಎಷ್ಟನೇ ಜ್ವರದಲ್ಲಿದೆ, ಯಾವಾಗ ಏಳುತ್ತದೆ ಅಂತ ತಿಳಿಯದೆ ಅಲ್ಲಿ ಯಾರೂ ಸೊಪ್ಪು ಹಾಕುವುದಿಲ್ಲ. ಜೇಡಕ್ಕೂ ಅದೇ ಜ್ವರ ಇದೆ. ಹಳೆ ಚರ್ಮ ಕಳಚುವ ಮೊದಲು ಮೇವು ಬಿಡುತ್ತದೆ, ಕಳಚಿದ ಮೇಲೆ ಮೆತ್ತಗಿರುತ್ತದೆ, ಆ ಹೊತ್ತಿನಲ್ಲಿ ಮುಟ್ಟಿದರೆ ಕೆಡುತ್ತದೆ. ಆದ್ದರಿಂದ ಮೊದಲು ಕೊಳ್ಳಬೇಕಾದ್ದು ಒಂದು ನೋಟ್‌ಬುಕ್ಕು. ಪ್ರತಿ ಡಬ್ಬಿಗೂ ಒಂದು ಪುಟ: ಕೊನೆಯ ಜ್ವರದ ತಾರೀಖು, ಕೊನೆಯ ಮೇವಿನ ತಾರೀಖು.

ಯಾವ ಜಾತಿ

ಮೊದಲ ಸಲಕ್ಕೆ ಕ್ರೋಮಾಟೋಪೆಲ್ಮಾ ಸಯಾನಿಯೋಪ್ಯೂಬೆಸೆನ್ಸ್ ಒಳ್ಳೆಯದು. ಇಂಗ್ಲಿಷಿನಲ್ಲಿ ಗ್ರೀನ್ ಬಾಟಲ್ ಬ್ಲೂ, ಸಾಕುವವರೆಲ್ಲ ಚಿಕ್ಕದಾಗಿ ಜಿಬಿಬಿ ಅಂತಲೇ ಕರೆಯುವುದು. ನೀಲಿ ಕಾಲು, ಕಿತ್ತಳೆ ಹೊಟ್ಟೆ. ಇದರ ತವರು ವೆನೆಜುವೆಲಾದ ಪರಗ್ವಾನಾ ಪರ್ಯಾಯದ್ವೀಪ. ಮುಳ್ಳುಪೊದೆ, ಒಣ ನೆಲ, ಕಡಿಮೆ ಮಳೆ. ಕೋಲಾರದ ಹವೆಗೆ ಇದು ಹೊಂದಿಕೊಳ್ಳುತ್ತದೆ, ಮಲೆನಾಡಿನ ತೇವವನ್ನು ಡಬ್ಬಿಯೊಳಗೆ ಹುಟ್ಟಿಸುವ ಸರ್ಕಸ್ ಬೇಕಿಲ್ಲ. ಒಂದು ಮೊಟ್ಟೆ ಚೀಲದಲ್ಲಿ ಸುಮಾರು ನೂರು ಮರಿ, ಕೆಲವೊಮ್ಮೆ ಅದರ ಅರ್ಧ, ಕೆಲವೊಮ್ಮೆ ಒಂದೂವರೆ ಪಟ್ಟು. ಮರಿ ದೊಡ್ಡದಾಗಿ ಹುಟ್ಟುತ್ತದೆ, ಗಟ್ಟಿ.

ಲಸಿಯೋಡೋರಾ ಪರಹೈಬಾನಾ ಸುಲಭವಾಗಿ ಕೂಡುತ್ತದೆ ಅಂತ ಕೇಳಿ ಅದಕ್ಕೆ ಕೈ ಹಾಕುವವರಿದ್ದಾರೆ. ಕೂಡುವುದೇನೋ ನಿಜ. ಆದರೆ ಒಂದು ಚೀಲದಿಂದ ಸಾವಿರದ ಮೇಲೆ ಮರಿ ಬರುತ್ತವೆ, ಎರಡು ಸಾವಿರ ಮುಟ್ಟುವುದೂ ಉಂಟು. ಎರಡು ಸಾವಿರ ಡಬ್ಬಿಗೆ ವಾರಕ್ಕೆರಡು ಸಲ ಮುಚ್ಚಳ ತೆಗೆದು ಮೇವು ಹಾಕುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಅದು ಹವ್ಯಾಸ ಅಲ್ಲ, ಕೂಲಿ.

ನಮ್ಮ ದೇಶದ್ದೇ ಆದ ಪೊಯೆಸಿಲೋಥೀರಿಯಾ ಗುಂಪು ಮೊದಲಿಗರಿಗೆ ಬೇಡ. ಮಿಂಚಿನಂತೆ ಓಡುತ್ತದೆ, ಕಚ್ಚಿದರೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡುತ್ತದೆ. ಕಾನೂನಿನ ಬಿಗಿಯೂ ಇದೆ. ದೇವರಾಯನದುರ್ಗದ ಮರದ ಪೊಟರೆಯಿಂದಾಗಲಿ, ಅಂತರಗಂಗೆ ಬೆಟ್ಟದ ಬಂಡೆಸಂದಿನಿಂದಾಗಲಿ, ನಂದಿಯ ಇಳಿಜಾರಿನಿಂದಾಗಲಿ ಸಿಕ್ಕ ಜೇಡವನ್ನು ಡಬ್ಬಿಗೆ ಹಾಕಿಕೊಂಡು ಬರುವ ಮಾತೇ ಇಲ್ಲ.

ಕಾನೂನಿನ ಮಾತು ಇಲ್ಲೇ ಮುಗಿಸೋಣ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳೆಲ್ಲ ಈಗ ಕಾಯ್ದೆಯ 4ನೇ ಅನುಸೂಚಿಗೆ ಬಂದಿವೆ. ಟರಾಂಟುಲಾಗಳ ಪೈಕಿ ಬ್ರಾಕಿಪೆಲ್ಮಾ ಕುಲ ಸೈಟಿಸ್ ಪಟ್ಟಿಯಲ್ಲಿ ಬಹಳ ಹಿಂದಿನಿಂದ ಇದೆ. ಪೊಯೆಸಿಲೋಥೀರಿಯಾ 2019ರಲ್ಲಿ ಸೇರಿತು. ಇಂಥವು ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ನೋಂದಣಿ ಮಾಡಿಸಬೇಕು. ಹುಟ್ಟು, ಸಾವು, ಬೇರೆಯವರಿಗೆ ಕೊಟ್ಟದ್ದು, ಎಲ್ಲಕ್ಕೂ ವರದಿ ಕೊಡಬೇಕು. ಪಟ್ಟಿ ಕೆಲವು ವರ್ಷಕ್ಕೊಮ್ಮೆ ಬೆಳೆಯುತ್ತದೆ, ಹಾಗಾಗಿ ಯಾವ ಜಾತಿಯೇ ಆಗಲಿ ಕೊಳ್ಳುವ ದಿನದ ಪಟ್ಟಿಯಲ್ಲಿ ಹೆಸರು ಹುಡುಕಿ ನೋಡಿಯೇ ಕೊಳ್ಳಿ. ಹೊರದೇಶದಿಂದ ಪಾರ್ಸೆಲ್ ತರಿಸುವ ಆಸೆ ಬೇಡ: 2021ರ ಜುಲೈನಲ್ಲಿ ಚೆನ್ನೈ ಕಸ್ಟಮ್ಸ್‌ನವರು ಪೋಲೆಂಡಿನಿಂದ ಬಂದ ಒಂದೇ ಅಂಚೆ ಪೊಟ್ಟಣದಲ್ಲಿ, ಪುಟ್ಟ ಸೀಸೆಗಳಲ್ಲಿ ಸುತ್ತಿಟ್ಟ 107 ಜೀವಂತ ಜೇಡ ಹಿಡಿದಿದ್ದರು. ಇಲ್ಲೇ ಮನೆಯಲ್ಲಿ ಹುಟ್ಟಿದ್ದನ್ನು, ಎಲ್ಲಿಂದ ಬಂತು ಅಂತ ಬರೆದುಕೊಡುವವರಿಂದ ಕೊಳ್ಳಿ.

ಗಂಡು ಯಾವುದು, ಹೆಣ್ಣು ಯಾವುದು

ಬೆಳೆದ ಗಂಡು ನೋಡಿದ ಕೂಡಲೇ ತಿಳಿಯುತ್ತದೆ. ಬಾಯಿಯ ಪಕ್ಕದ ಎರಡು ಗಿಡ್ಡ ಕೈಗಳ ತುದಿ ಬಾಕ್ಸಿಂಗ್ ಗ್ಲೌಸ್ ಹಾಕಿದಂತೆ ದಪ್ಪಗಾಗಿರುತ್ತದೆ. ಅದರೊಳಗೆ ಸೂಜಿಮೊನೆಯ ಪುಟ್ಟ ಬುರುಡೆ ಮಡಚಿಕೊಂಡಿರುತ್ತದೆ, ವೀರ್ಯ ತುಂಬಿಕೊಳ್ಳುವುದು ಅಲ್ಲಿ. ಜಿಬಿಬಿಯಲ್ಲಿ ಮುಂದಿನ ಜೋಡಿ ಕಾಲಿನ ಒಳಬದಿಗೆ ಕೊಕ್ಕೆಗಳೂ ಇರುತ್ತವೆ. ಇದು ಗಂಡಿನ ಕೊನೆಯ ಜ್ವರ. ಇದಾದ ಮೇಲೆ ಅದಕ್ಕೆ ಉಳಿಯುವುದು ಕೆಲವು ತಿಂಗಳು, ಹೆಚ್ಚೆಂದರೆ ಒಂದು ವರ್ಷದ ಆಸುಪಾಸು.

ಹೆಣ್ಣನ್ನು ಗುರುತಿಸುವ ಖಾತ್ರಿ ದಾರಿ ಅದು ಕಳಚಿದ ಪೊರೆ. ಒಣಗಿದ ಪೊರೆಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಿಟ್ಟು ಅರ್ಧ ಗಂಟೆ ನೆನೆಸಿ. ಹೊಟ್ಟೆಯ ಭಾಗ ಮುದುಡಿದ ಈರುಳ್ಳಿ ಸಿಪ್ಪೆಯಂತೆ ಇರುತ್ತದೆ. ಅದನ್ನು ಬಿಳಿ ತಟ್ಟೆಯ ಮೇಲೆ ಹಲ್ಲುಕಡ್ಡಿ ಮತ್ತು ಮೆತ್ತನೆ ಬ್ರಷ್‌ನಿಂದ ನಿಧಾನವಾಗಿ ಬಿಡಿಸಿ. ಒಳಮೈಯಲ್ಲಿ ನಾಲ್ಕು ಬಿಳಿ ಮಚ್ಚೆ ಕಾಣುತ್ತವೆ. ಅವು ಉಸಿರಾಟದ ಚೀಲಗಳು. ಕಾಲಿನ ಕಡೆಯ ಎರಡು ಮಚ್ಚೆಗಳ ನಡುವೆ ಒಂದು ಗೀರು ಇದೆ. ಆ ಗೀರಿನಿಂದ ಪುಟ್ಟ ಮಡಿಕೆಯೋ ಎರಡು ಕೊಂಬಿನಂಥ ಚೀಲವೋ ಎದ್ದು ನಿಂತಿದ್ದರೆ ಹೆಣ್ಣು. ಗಂಡು ಕೊಟ್ಟ ವೀರ್ಯವನ್ನು ಹೆಣ್ಣು ತಿಂಗಳುಗಟ್ಟಲೆ ಕೂಡಿಡುವುದು ಈ ಚೀಲದಲ್ಲಿ. ಸಪಾಟಾಗಿದ್ದರೆ ಗಂಡು. ಪೊರೆ ಒಣಗಿ ಹರಿದರೆ ಮುಂದಿನ ಜ್ವರದವರೆಗೂ ಕಾಯಬೇಕಾಗುತ್ತದೆ, ಅದಕ್ಕೇ ಕೈ ನಿಧಾನವಾಗಿರಲಿ.

ಆ ಚೀಲದ ಒಳಪದರವೂ ಪೊರೆಯ ಜೊತೆ ಕಳಚಿ ಬರುತ್ತದೆ ಅನ್ನುವುದನ್ನು ಇಲ್ಲೇ ಗಮನಿಸಿ. ಜೋಡಿಯಾದ ಮೇಲೆ ಹೆಣ್ಣು ಜ್ವರಕ್ಕೆ ಕೂತರೆ ಕೂಡಿಟ್ಟ ವೀರ್ಯವೆಲ್ಲ ಆ ಸಿಪ್ಪೆಯೊಂದಿಗೆ ಹೋಯಿತು. ಮರಿ ಆಗಲಿಲ್ಲ ಅಂತ ಬೇಸರಪಡುವವರಲ್ಲಿ ಬಹಳ ಜನರ ಕಥೆ ಇದೇ.

ಡಬ್ಬಿ, ಕೋಕೋಪೀಟ್, ಇರುವೆ

ಹೆಣ್ಣಿಗೆ ಉದ್ದ, ಅಗಲ, ಎತ್ತರ ಸುಮಾರು 30 ಸೆಂಟಿಮೀಟರ್ ಇರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು. ಎರಡು ಎದುರು ಬದಿಗಳಲ್ಲಿ ಸೋಲ್ಡರಿಂಗ್ ಕಡ್ಡಿಯಿಂದ 3 ಮಿಲಿಮೀಟರ್ ತೂತುಗಳ ಸಾಲು ಮಾಡಿ. ಒಂದು ಬದಿ ತಳದ ಕಡೆ, ಇನ್ನೊಂದು ಮೇಲಿನ ಕಡೆ. ಗಾಳಿ ಅಡ್ಡ ಹಾಯುತ್ತದೆ, ಬೂಷ್ಟು ಹಿಡಿಯುವುದಿಲ್ಲ. ತಳಕ್ಕೆ 10 ಸೆಂಟಿಮೀಟರ್ ಕೋಕೋಪೀಟ್. ಅಡಗಲು ಒಂದು ಹಳೇ ಹೆಂಚಿನ ತುಂಡನ್ನು ಓರೆಯಾಗಿ ನೆಡಿ. ಜಿಬಿಬಿ ವಿಪರೀತ ಬಲೆ ಕಟ್ಟುತ್ತದೆ, ಒಂದೆರಡು ಒಣ ಕಡ್ಡಿ ಇದ್ದರೆ ಅದಕ್ಕೆ ಆಸರೆ. ಮೂಲೆಯಲ್ಲಿ ನೀರಿನ ಮುಚ್ಚಳ.

ಕೋಕೋಪೀಟ್‌ಗೆ ನಮ್ಮಲ್ಲಿ ಬರವಿಲ್ಲ, ತಿಪಟೂರು ಕಡೆಯ ತೆಂಗಿನ ನಾರಿನ ಕೆಲಸದಲ್ಲಿ ಉಳಿಯುವ ಪುಡಿಯೇ ಅದು. 650 ಗ್ರಾಮಿನ ಒಂದು ಇಟ್ಟಿಗೆಗೆ 4 ಲೀಟರ್ ನೀರು ಹಾಕಿದರೆ 8 ಲೀಟರಿನಷ್ಟು ಉಬ್ಬುತ್ತದೆ. ಉಪ್ಪು ತೊಳೆದ ಮಾಲನ್ನೇ ಕೇಳಿ ತನ್ನಿ. ಎರಡು ದಿನ ಬಿಸಿಲಿಗೆ ಹರಡಿ, ಕೈಯಲ್ಲಿ ಹಿಂಡಿದರೆ ಉಂಡೆ ನಿಲ್ಲದಷ್ಟು ಒಣಗಿಸಿ. ಒಂದು ಜಾಗದಲ್ಲಿ ಮಾತ್ರ ಎಚ್ಚರ ತಪ್ಪಬೇಡಿ: ಟೊಮೇಟೊ ಸಸಿ ಬೆಳೆಸುವ ನರ್ಸರಿಯಿಂದ ಪ್ರೋಟ್ರೇಗೆ ತುಂಬಲು ಕಲಸಿಟ್ಟ ಪೀಟ್ ಇಸಿದುಕೊಂಡು ಬರಬೇಡಿ. ರಸ ಹೀರುವ ಹುಳಕ್ಕೆ, ಬೇರುಕೊಳೆಗೆ ಅಂತ ಅದಕ್ಕೆ ಔಷಧಿ ಸೇರಿಸಿರುವ ಸಾಧ್ಯತೆ ಇದೆ. ಗಿಡಕ್ಕೆ ಏನೂ ಆಗದ ಪ್ರಮಾಣ ಜೇಡದ ಕಾಲು ಮುದುಡಿಸಲು ಸಾಕು.

ಮನೆಯ ಒಳಗಿನ ವಿಷವೂ ಅಷ್ಟೇ. ಸೊಳ್ಳೆ ಬತ್ತಿ, ಕರೆಂಟಿಗೆ ಸಿಕ್ಕಿಸುವ ಸೊಳ್ಳೆ ಲಿಕ್ವಿಡ್, ಜಿರಲೆ ಸ್ಪ್ರೇ, ಇರುವೆ ಚಾಕ್, ಇವು ಆ ಕೋಣೆಯಲ್ಲಿ ಇರಕೂಡದು. ಸೊಳ್ಳೆ ಕಾಟಕ್ಕೆ ಕಿಟಕಿಗೆ ಜಾಲರಿ ಹೊಡೆಸಿ. ಇರುವೆಗೆ ಹುಳು ಮನೆಯ ಹಳೇ ಉಪಾಯವೇ ಸರಿ: ಸ್ಟ್ಯಾಂಡಿನ ನಾಲ್ಕೂ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿ, ಸ್ಟ್ಯಾಂಡು ಗೋಡೆಗೆ ತಾಗದಂತೆ ಒಂದು ಗೇಣು ಬಿಡಿ. ಬಟ್ಟಲಿನ ಮೇಲೆ ಧೂಳಿನ ಕೆನೆ ಕಟ್ಟಿದರೆ ಇರುವೆ ಅದರ ಮೇಲೆ ನಡೆದು ದಾಟುತ್ತದೆ, ವಾರಕ್ಕೊಮ್ಮೆ ನೀರು ಬದಲಿಸಿ. ಪೊರೆ ಬಿಡುತ್ತಾ ಅಂಗಾತ ಬಿದ್ದ ಜೇಡ ಇರುವೆಯ ಕೈಗೆ ಸಿಕ್ಕರೆ ಬೆಳಗಾಗುವಷ್ಟರಲ್ಲಿ ಖಾಲಿ ಚಿಪ್ಪು.

ಶಾಖ 24ರಿಂದ 28 ಡಿಗ್ರಿ ಇದ್ದರೆ ಚೆಂದ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ಮೇಲಿರುವ ಊರುಗಳು, ವರ್ಷದ ಹೆಚ್ಚು ಪಾಲು ಕೋಣೆಯ ಶಾಖವೇ ಸಾಕಾಗುತ್ತದೆ. ಏಪ್ರಿಲ್ ಮಾತ್ರ ಕಷ್ಟ. ಶೀಟ್ ಮನೆಯಾದರೆ ಮಧ್ಯಾಹ್ನ ಡಬ್ಬಿಗಳನ್ನು ಕೆಳಗಿನ ತಟ್ಟಿಗೆ ಇಳಿಸಿ, ಪಕ್ಕದಲ್ಲಿ ಒದ್ದೆ ಗೋಣಿಚೀಲ ನೇತುಹಾಕಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಜೇಡ ಸಾಯುವುದಿಲ್ಲ, ಆದರೆ ಎಲ್ಲವೂ ನಿಧಾನ.

ಮೇವು ಮೊದಲು, ಜೋಡಿ ಆಮೇಲೆ

ಮರಿ ಬಂದ ಮೇಲೆ ಮೇವಿಗೆ ಓಡಾಡುವುದು ಚಾಕಿ, ಅಂದರೆ ಎಳೆ ರೇಷ್ಮೆ ಹುಳು, ತಂದ ಮೇಲೆ ಹಿಪ್ಪುನೇರಳೆ ನೆಟ್ಟಂತೆ. ಜೋಡಿ ಬಿಡುವುದಕ್ಕೆ ಕನಿಷ್ಠ ಮೂರು ತಿಂಗಳು ಮುಂಚೆ ಜಿರಲೆ ಸಾಕಣೆ ಶುರುವಾಗಿರಬೇಕು. ರೆಡ್ ರನ್ನರ್ ಅನ್ನುವ ಜಾತಿ ಇದಕ್ಕೆ ಹೇಳಿಮಾಡಿಸಿದ್ದು. ನುಣುಪಾದ ಪ್ಲಾಸ್ಟಿಕ್ ಹತ್ತಲಾರದು, ಅದರ ಹೊಸ ಮರಿ 3 ಮಿಲಿಮೀಟರ್, ಜೇಡದ ಮರಿಗೆ ಸರಿಯಾದ ತುತ್ತು. 30 ಲೀಟರ್ ಟಬ್ಬಿನಲ್ಲಿ ರಟ್ಟಿನ ಮೊಟ್ಟೆ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿ, ಚಿಕ್ಕವು ದೊಡ್ಡವು ಸೇರಿ 200 ಬಿಡಿ. ಗೋಧಿ ಬೂಸಾ, ಕ್ಯಾರೆಟ್ ತುಂಡು ಹಾಕಿ, 30 ಡಿಗ್ರಿ ಹತ್ತಿರ ಇಡಿ. ತಪ್ಪಿಸಿಕೊಂಡರೆ ಮನೆಯಲ್ಲೇ ಸಂಸಾರ ಹೂಡುವ ಜಾತಿ ಇದು, ಮುಚ್ಚಳಕ್ಕೆ ಸ್ಟೀಲ್ ಜಾಲರಿಯೇ ಬೇಕು. ಜೊತೆಗೆ ಅಂಗೈ ಅಗಲದ ಡಬ್ಬಿಯಲ್ಲಿ ಬೂಸಾ ಹಾಕಿ ಮೀಲ್‌ವರ್ಮ್ ಇಟ್ಟುಕೊಂಡರೆ ತುರ್ತಿಗೆ ಆಗುತ್ತದೆ.

ಹೊಲದ ಮಿಡತೆ ಹಿಡಿದು ಹಾಕಬೇಡಿ. ಟೊಮೇಟೊ, ಹೂಕೋಸು, ದ್ರಾಕ್ಷಿ ತೋಟಗಳ ನಡುವೆ ಬದುಕಿದ ಮಿಡತೆಯ ಮೈಮೇಲೆ ಯಾವ ಸಿಂಪಡಣೆ ಕೂತಿದೆ ಅಂತ ಯಾರೂ ಹೇಳಲಾರರು. ರೇಷ್ಮೆ ಹುಳು ಆ ಲೆಕ್ಕದಲ್ಲಿ ನಂಬಿಕಸ್ಥ. ಪಕ್ಕದ ತೋಟದ ಔಷಧಿ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತರೂ ಅದೇ ಮೊದಲು ಸಾಯುತ್ತದೆ, ಆರೋಗ್ಯವಾಗಿ ಮೇಯುತ್ತಿದೆ ಅಂದರೆ ಸೊಪ್ಪು ಶುದ್ಧ ಅಂತಲೇ ಅರ್ಥ. ನಾಲ್ಕನೇ ಜ್ವರ ಎದ್ದ ಹುಳು ಒಂದು ಸಿಕ್ಕರೆ ದೊಡ್ಡ ಹೆಣ್ಣಿಗೆ ಹಬ್ಬದೂಟ. ಹಾಸಿಗೆಗೆ ಸುಣ್ಣವನ್ನೋ ಸೋಂಕುನಿವಾರಕ ಪುಡಿಯನ್ನೋ ಎರಚಿದ ದಿನ ಮಾತ್ರ ತರಬೇಡಿ.

ಜೋಡಿ ಬಿಡುವ ದಿನ

ಕಾಲದ ಲೆಕ್ಕ ಹೀಗೆ: ಸಂಕ್ರಾಂತಿ ಕಳೆದ ಮೇಲೆ ಜೋಡಿ ಬಿಟ್ಟರೆ ಮುಂಗಾರಿನ ಆಸುಪಾಸಿಗೆ ಚೀಲ, ಗೌರಿ ಹಬ್ಬದ ಹೊತ್ತಿಗೆ ಮರಿ. ಮರಿ ಚಿಕ್ಕದಿರುವಾಗ ಬೇಸಿಗೆಯೂ ಇಲ್ಲ, ಕಡು ಚಳಿಯೂ ಇಲ್ಲ. ಇಷ್ಟಾದರೂ ಗಂಡು ಯಾವಾಗ ಬೆಳೆಯುತ್ತದೋ ಅದರ ಕೈಯಲ್ಲೇ ಪಂಚಾಂಗ.

ಹೆಣ್ಣು ಜ್ವರದಿಂದ ಎದ್ದು ಒಂದೂವರೆ ತಿಂಗಳಾದರೂ ಆಗಿರಬೇಕು, ನಾಲ್ಕಾರು ಸಲ ಚೆನ್ನಾಗಿ ತಿಂದಿರಬೇಕು. ಕೊನೆಯ ಜ್ವರದಿಂದ ವರ್ಷದ ಹತ್ತಿರ ಬಂದಿದ್ದರೆ, ಮೇವು ಬಿಟ್ಟಿದ್ದರೆ, ಹೊಟ್ಟೆಯ ಮೇಲೆ ಕೂದಲು ಉದುರಿದ ಜಾಗ ಕಪ್ಪಾಗಿದ್ದರೆ ಜೋಡಿ ಬೇಡ. ಪೊರೆ ಬಿಡಲಿ, ಆಮೇಲೆ ನೋಡೋಣ. ಗಂಡು ಕೊನೆಯ ಜ್ವರ ಎದ್ದ ಎರಡು ಮೂರು ವಾರಕ್ಕೆ ಚಾಪೆಯಂಥ ಸಣ್ಣ ಬಲೆ ನೇಯ್ದು, ಅದರ ಮೇಲೆ ವೀರ್ಯದ ಹನಿ ಬಿಟ್ಟು, ಕೈತುದಿಯ ಬುರುಡೆಗೆ ಹೀರಿಕೊಳ್ಳುತ್ತದೆ. ರಾತ್ರಿ ಮಾಡಿ ಮುಗಿಸಿ ಬಲೆ ಹರಿದುಬಿಡುತ್ತದೆ, ಕಾಣದೇ ಹೋಗಬಹುದು. ಮೂಲೆಯಲ್ಲಿ ಹರಿದ ಬಿಳಿ ಚಿಂದಿ ಕಂಡರೆ ಅದೇ ಗುರುತು. ಅದಕ್ಕೆ ಮುಂಚೆ ಬಿಟ್ಟರೆ ಖಾಲಿ ಕೈಯ ಗಂಡು.

ಜೋಡಿಯ ಹಿಂದಿನ ವಾರ ಹೆಣ್ಣಿಗೆ ಎರಡು ಮೂರು ಸಲ ಹೊಟ್ಟೆ ತುಂಬ ಮೇವು ಹಾಕಿ. ಹಸಿದ ಹೆಣ್ಣಿಗೆ ಗಂಡೂ ಒಂದು ಜಿರಲೆಯೇ. ಆ ದಿನ ಡಬ್ಬಿಯಲ್ಲಿ ಉಳಿದ ಮೇವು ಇರಬಾರದು. ಗಂಡನ್ನು ತೂತಿನ ಸಣ್ಣ ಡಬ್ಬಿಯಲ್ಲಿಟ್ಟು ಎರಡು ಮೂರು ದಿನ ಹೆಣ್ಣಿನ ಡಬ್ಬಿಯೊಳಗೇ ಇಟ್ಟರೆ ವಾಸನೆ ಪರಿಚಯವಾಗುತ್ತದೆ.

ಸಂಜೆ ಏಳರ ಮೇಲೆ, ಮಂದ ಬೆಳಕಿನಲ್ಲಿ ಶುರು ಮಾಡಿ. ಕೈಯಲ್ಲಿ 30 ಸೆಂಟಿಮೀಟರ್ ಉದ್ದದ ಚಿಮಟ, ಉದ್ದ ಹಿಡಿಯ ಮೆತ್ತನೆ ಬ್ರಷ್, ಪಕ್ಕದಲ್ಲಿ ಅಗಲ ಬಾಯಿಯ ಪಾರದರ್ಶಕ ಡಬ್ಬಿ, ಒಂದು ರಟ್ಟು. ಗಂಡನ್ನು ಹೆಣ್ಣಿನಿಂದ ದೂರದ ಮೂಲೆಗೆ, ಬಲೆಯ ಅಂಚಿಗೆ ಬಿಡಿ. ಬಲೆ ಮುಟ್ಟಿದ ಕೂಡಲೇ ಅದು ಮೈ ನಡುಗಿಸಿ, ಕೈಯಿಂದ ತಾಳ ಹಾಕುತ್ತದೆ. ಒಪ್ಪಿದ ಹೆಣ್ಣು ತಿರುಗಿ ತಾಳ ಕೊಡುತ್ತದೆ. ಕಿವಿಗೊಟ್ಟರೆ ಟಪಟಪ ಕೇಳಿಸುತ್ತದೆ. ಗಂಡು ಹತ್ತಿರ ಹೋಗಿ ಕೊಕ್ಕೆಯಿಂದ ಹೆಣ್ಣಿನ ಕೋರೆಹಲ್ಲುಗಳನ್ನು ತಡೆಹಿಡಿದು, ಹೆಣ್ಣಿನ ಮುಂಭಾಗವನ್ನು ಮೇಲಕ್ಕೆತ್ತಿ, ಹೊಟ್ಟೆಯಡಿಯ ಗೀರಿಗೆ ಒಂದು ಕೈ, ಮತ್ತೆ ಇನ್ನೊಂದು ಕೈ ತಾಗಿಸುತ್ತದೆ. ಹೆಣ್ಣು ಕೋರೆಹಲ್ಲು ಬಿಚ್ಚಿ ನಿಂತದ್ದು ನೋಡಿ ಗಾಬರಿಯಾಗಿ ಚಿಮಟ ಹಾಕಬೇಡಿ, ಕೊಕ್ಕೆ ಸಿಕ್ಕಿಸಿಕೊಳ್ಳಲು ಗಂಡಿಗೆ ಅದು ಬಿಚ್ಚಿರಲೇಬೇಕು. ಅಪಾಯದ ಗುರುತು ಬೇರೆ: ತಾಳ ಕೊಡದೆ ಹೆಣ್ಣು ಸದ್ದಿಲ್ಲದೆ ಬೆನ್ನಟ್ಟಿ ಬಂದರೆ ನಡುವೆ ರಟ್ಟು ಇಳಿಸಿ.

ಮುಗಿದ ಮೇಲೆ ಗಂಡು ಹಿಂದಕ್ಕೆ ಸರಿದು ಓಡುತ್ತದೆ. ಆಗಲೇ ಡಬ್ಬಿ ಕವುಚಿ ತೆಗೆಯಿರಿ. ಒಂದು ವಾರ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಒಟ್ಟು ಎರಡು ಮೂರು ಸಲ ಸಾಕು. ನಡುವೆ ಗಂಡು ಮತ್ತೆ ವೀರ್ಯ ತುಂಬಿಕೊಂಡಿರಬೇಕು. ರಾತ್ರಿಯೆಲ್ಲ ಒಟ್ಟಿಗೆ ಬಿಟ್ಟು ಮಲಗುವವರು ಬೆಳಿಗ್ಗೆ ಕಾಲುಗಳನ್ನು ಮಾತ್ರ ಎಣಿಸಿಕೊಳ್ಳುತ್ತಾರೆ.

ಜಿಬಿಬಿಯಂಥ ಅಮೆರಿಕ ಖಂಡದ ಜಾತಿಗಳು ಕೆಣಕಿದರೆ ಹಿಂಗಾಲಿನಿಂದ ಹೊಟ್ಟೆ ಉಜ್ಜಿ ನವಿರು ಕೂದಲು ಹಾರಿಸುತ್ತವೆ. ಚರ್ಮಕ್ಕೆ ತಾಗಿದರೆ ತುರಿಕೆ. ಸೆಲೋಟೇಪ್ ಒತ್ತಿ ಕಿತ್ತು, ತಣ್ಣೀರಲ್ಲಿ ತೊಳೆಯಿರಿ. ಕಣ್ಣಿಗೆ ಹೋದರೆ ಉಜ್ಜದೆ ಆವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಆ ಕೂದಲು ಕಣ್ಣುಗುಡ್ಡೆಯೊಳಗೆ ಇಳಿಯುತ್ತಾ ಹೋಗುತ್ತದೆ. ಕೆಲಸದ ಹೊತ್ತಿನಲ್ಲಿ ಕನ್ನಡಕ ಇರಲಿ, ಮುಖವನ್ನು ಡಬ್ಬಿಯ ಮೇಲೆ ಬಗ್ಗಿಸಬೇಡಿ.

ಕಾಯುವ ತಿಂಗಳುಗಳು

ಈಗ ಹೆಣ್ಣಿಗೆ ಬೇಕಾದಷ್ಟು ಮೇವು, ತುಂಬಿದ ನೀರಿನ ಮುಚ್ಚಳ. ಎರಡರಿಂದ ಐದು ತಿಂಗಳೊಳಗೆ ಅದು ಮೇವು ಬಿಟ್ಟು, ಬಲೆಯನ್ನು ದಪ್ಪ ಮಾಡಿ, ಬಾಗಿಲು ಮುಚ್ಚಿಕೊಳ್ಳುತ್ತದೆ. ಜ್ವರಕ್ಕೂ ಇದೇ ಗುರುತು ಅನ್ನುವುದು ತಲೆನೋವು. ನೋಟ್‌ಬುಕ್ಕಿನ ತಾರೀಖು ಇಲ್ಲಿ ಕೈಹಿಡಿಯುತ್ತದೆ: ಜ್ವರ ಎದ್ದು ಇನ್ನೂ ಆರೇಳು ತಿಂಗಳಾಗಿದ್ದರೆ ಚೀಲದ ಕಡೆಗೇ ವಾಲಬಹುದು. ಏಪ್ರಿಲ್ ಕೊನೆಯ ಮಳೆ ಬೀಳುವ ಹೊತ್ತಿಗೆ ಡಬ್ಬಿಯ ಒಂದು ಮೂಲೆಗೆ ಅರ್ಧ ಲೋಟ ನೀರು ಇಳಿಸಿದರೆ ಎಷ್ಟೋ ಸಲ ಕೆಲಸ ಮುಂದೆ ಸಾಗುತ್ತದೆ. ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರೇ ಸಾಕು. ಬೋರ್‌ವೆಲ್ಲಿನ ಗಡಸು ನೀರಿನಿಂದ ಮುಚ್ಚಳದಲ್ಲಿ, ಗೋಡೆಯಲ್ಲಿ ಬಿಳಿ ಪೊರೆ ಕಟ್ಟಿ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ.

ಹೆಣ್ಣು ಬಟ್ಟಲಿನಂತೆ ಬಲೆ ನೇಯ್ದು, ಅದರಲ್ಲಿ ಮೊಟ್ಟೆ ಇಟ್ಟು, ಅಂಚು ಕಿತ್ತು ಮಡಚಿ ಉಂಡೆ ಮಾಡಿಕೊಂಡು ಎದೆಗವಚಿಕೊಳ್ಳುತ್ತದೆ. ಆ ತಾರೀಖನ್ನು ದೊಡ್ಡದಾಗಿ ಬರೆಯಿರಿ. ಇನ್ನು 30 ದಿನ ಡಬ್ಬಿ ಅಲುಗಬಾರದು, ಟಾರ್ಚ್ ಬಿಡಬಾರದು, ಬಂದ ನೆಂಟರಿಗೆ ತೋರಿಸಬಾರದು. ಕೆಣಕಿದ ತಾಯಿ ಚೀಲವನ್ನೇ ತಿಂದುಬಿಡುತ್ತದೆ. ಬಂಜೆ ಮೊಟ್ಟೆಯ ಚೀಲವನ್ನೂ ತಿನ್ನುತ್ತದೆ, ಹಾಗಾಗಿ ತಿಂದದ್ದಕ್ಕೆಲ್ಲ ನೀವೇ ಕಾರಣ ಅಂತೇನೂ ಇಲ್ಲ.

ಚೀಲ ತೆಗೆದು ಬಿಚ್ಚುವುದು

ತಾಯಿಯ ಹತ್ತಿರವೇ ಬಿಡಬಹುದು. ಆದರೆ ತಾಯಿ ಚೀಲ ಕೈಬಿಟ್ಟರೆ ಇಲ್ಲವೇ ಬೂಷ್ಟು ಬಂದರೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. 30ನೇ ದಿನದ ಹತ್ತಿರ ತೆಗೆಯುವುದು ಒಳ್ಳೆಯದು, ಅಷ್ಟರಲ್ಲಿ ಮೊಟ್ಟೆಗೆ ಕಾಲು ಮೂಡಿರುತ್ತದೆ. ತಾಯಿಯ ಮೈಮೇಲೆ ಲೋಟ ಕವುಚುವ ಹಾಗೆ ಇಳಿಸುತ್ತಾ, ಉದ್ದ ಚಿಮಟದಿಂದ ಚೀಲವನ್ನು ಮೆಲ್ಲಗೆ ಈಚೆಗೆ ಎಳೆಯಿರಿ. ಆಕೆ ಬಿಡುವುದಿಲ್ಲ, ಚಿಮಟ ಕಚ್ಚುತ್ತಾಳೆ. ಹಗ್ಗಜಗ್ಗಾಟ ಬೇಡ, ಒಂದು ಕ್ಷಣ ಸಡಿಲಿಸಿ, ಬ್ರಷ್‌ನಿಂದ ಮುಂಗಾಲು ಸರಿಸಿ, ಮತ್ತೆ ಎಳೆಯಿರಿ. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಕೆಲವು ಜಾತಿಗಳು ತುರಿಕೆಯ ಕೂದಲನ್ನೇ ಚೀಲದೊಳಗೆ ನೇಯ್ದಿರುತ್ತವೆ.

ಅಂಚಿರುವ ಬಿಳಿ ತಟ್ಟೆಯ ಮೇಲಿಟ್ಟು, ಸಣ್ಣ ಕತ್ತರಿಯ ತುದಿಯಿಂದ ಮೇಲ್ಪದರವನ್ನಷ್ಟೇ ಎತ್ತಿ ಕತ್ತರಿಸಿ. ಚೀಲ ಹಳೇ ಮಲ್ ಬಟ್ಟೆಯ ಹಾಗೆ ಪದರಪದರ. ಒಳಗಿನ ಮೊಟ್ಟೆ ಒಂದೊಂದೂ ರಾಗಿಗಿಂತ ದಪ್ಪ, ಜೋಳಕ್ಕಿಂತ ಸಣ್ಣ. ತಿಳಿಹಳದಿ ಬಣ್ಣ, ಮುತ್ತಿನ ಹೊಳಪು, ತಟ್ಟೆ ಓರೆ ಮಾಡಿದರೆ ಉರುಳಬೇಕು. ಕಾಲು ಮೂಡಿದ್ದರೆ ಹಳದಿ ಗುಂಡಿಗೆ ಬಿಳಿ ದಾರ ಅಂಟಿಸಿದಂತೆ ಕಾಣುತ್ತದೆ. ಉರುಳುವುದಿಲ್ಲ, ಆಗಾಗ ಒಂದು ದಾರ ಮೆಲ್ಲಗೆ ಮಿಸುಕುತ್ತದೆ. ಕಂದು ತಿರುಗಿದ್ದು, ಕುಳಿಬಿದ್ದದ್ದು, ಒಂದಕ್ಕೊಂದು ಅಂಟಿದ್ದು ಕೆಟ್ಟದ್ದು. ಒದ್ದೆ ಬ್ರಷ್‌ನಿಂದ ಆರಿಸಿ ತೆಗೆಯಿರಿ. ಒಂದು ಕೆಟ್ಟ ಮೊಟ್ಟೆ ಉಳಿದರೆ ಬೂಷ್ಟು ಪಕ್ಕದ ಹತ್ತಕ್ಕೆ ಹಬ್ಬುತ್ತದೆ.

ಮರಿಗೂಡಿಗೆ ಹೋಟೆಲ್ ಪಾರ್ಸೆಲ್‌ನ 500 ಮಿಲಿಲೀಟರ್ ಗುಂಡು ಡಬ್ಬಿ ಸಾಕು. ತಳಕ್ಕೆ ಒದ್ದೆ ಮಾಡಿ ಹಿಂಡಿದ ಟಿಶ್ಯೂ ಪೇಪರ್ ನಾಲ್ಕು ಮಡಿಕೆ. ಡಬ್ಬಿಯ ಬಾಯಿಗೆ ತೊಳೆದ ಮಲ್ ಬಟ್ಟೆಯನ್ನು ಉಯ್ಯಾಲೆಯಂತೆ ಇಳಿಬಿಟ್ಟು ರಬ್ಬರ್ ಬ್ಯಾಂಡ್ ಹಾಕಿ. ಬಟ್ಟೆ ಟಿಶ್ಯೂಗೆ ತಾಗಬಾರದು, ಎರಡು ಬೆರಳಿನಷ್ಟು ಅಂತರ ಇರಲಿ. ಮೊಟ್ಟೆಗಳನ್ನು ಒಂದೇ ಪದರವಾಗಿ ಹರಡಿ, ಸೂಜಿತೂತಿನ ಮುಚ್ಚಳ ಹಾಕಿ, 26–27 ಡಿಗ್ರಿಯ ಕತ್ತಲೆ ಬೀರುವಿನಲ್ಲಿಡಿ. ಮುಚ್ಚಳದ ಒಳಗೆ ಹನಿ ಕಟ್ಟಿದರೆ ತೇವ ಜಾಸ್ತಿಯಾಯಿತು, ತೂತು ಹೆಚ್ಚಿಸಿ. ಮೊಟ್ಟೆ ಸುಕ್ಕಾದರೆ ಕಮ್ಮಿಯಾಯಿತು, ಟಿಶ್ಯೂಗೆ ನೀರು ತೋರಿಸಿ. ಕಾಲು ಮೂಡದ ಮೊಟ್ಟೆಯಾದರೆ ದಿನಕ್ಕೆ ನಾಲ್ಕೈದು ಸಲ ಬಟ್ಟೆಯನ್ನು ಅಲ್ಲಾಡಿಸಿ ಉರುಳಿಸಬೇಕು, ತಾಯಿ ಚೀಲ ತಿರುಗಿಸುವುದು ಅದಕ್ಕೇ. ಒಂದೇ ಮಗ್ಗುಲಲ್ಲಿ ಉಳಿದದ್ದು ಚಪ್ಪಟೆಯಾಗಿ ಕೆಡುತ್ತದೆ.

ಸತ್ತ ಮೊಟ್ಟೆಯ ವಾಸನೆಗೆ ಗೂನುಬೆನ್ನಿನ ಸಣ್ಣ ನೊಣ ಬರುತ್ತದೆ, ಹಾರುವುದಕ್ಕಿಂತ ಓಡುವುದೇ ಹೆಚ್ಚು. ಅದರ ಹುಳು ಮರಿಗಳನ್ನೂ ಬಿಡುವುದಿಲ್ಲ. ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣಕ್ಕೆ ಕಟ್ಟುವ ನೈಲಾನ್ ಪರದೆಯ ಕಣ್ಣಿನಲ್ಲಿ ಇದು ಸಲೀಸಾಗಿ ನುಗ್ಗುತ್ತದೆ. ಮುಚ್ಚಳದ ತೂತಿನ ಮೇಲೆ ಮಲ್ ಬಟ್ಟೆಯನ್ನೇ ಅಂಟಿಸಿ.

ಶಾಖಕ್ಕೆ ತಕ್ಕಂತೆ ಮೂರು ನಾಲ್ಕು ವಾರದಲ್ಲಿ ಕಾಲಿನ ಮೊಟ್ಟೆ ಪೊರೆ ಬಿಟ್ಟು, ಬಿಳಿಚಿಕೊಂಡ, ಹೊಟ್ಟೆ ಉಬ್ಬಿದ ಜೇಡವಾಗುತ್ತದೆ. ಇನ್ನೂ ಮೇವು ಬೇಡ, ಹೊಟ್ಟೆಯಲ್ಲಿ ಮೊಟ್ಟೆಯ ಹಳದಿಯ ದಾಸ್ತಾನು ಇದೆ. ಇನ್ನೊಂದು ತಿಂಗಳಿಗೆ ಇನ್ನೊಂದು ಜ್ವರ. ಅದರಿಂದ ಎದ್ದದ್ದು ಬಣ್ಣ ಹತ್ತಿ, ಚುರುಕಾಗಿ, ಬೇಟೆಗೆ ನಿಲ್ಲುತ್ತದೆ. ಬಿಡಿಸಿ ಹಾಕುವುದು ಆಗ.

ನೂರು ಡಬ್ಬಿ

ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಲ್ಯಾಬಿನವರು ಕೊಡುವ 30–50 ಮಿಲಿಲೀಟರ್ ಸ್ಯಾಂಪಲ್ ಡಬ್ಬಿಗಳನ್ನು ಹೊಸದಾಗಿ ನೂರು ತರಿಸಿಟ್ಟುಕೊಳ್ಳಿ. ಮುಚ್ಚಳಕ್ಕೆ ಕಾಸಿದ ಗುಂಡುಸೂಜಿಯಿಂದ ಏಳೆಂಟು ತೂತು. ಮರಿಯ ತಲೆ ತೂರದಷ್ಟು ಸಣ್ಣದಿರಬೇಕು, ತಲೆ ತೂರಿದರೆ ಹೊಟ್ಟೆಯೂ ತೂರುತ್ತದೆ. ಎರಡು ಬೆರಳು ಕೋಕೋಪೀಟ್, ಒಂದು ಒಣ ಎಲೆಚೂರು. ವಾರಕ್ಕೊಮ್ಮೆ ಸಿರಿಂಜಿನಿಂದ ಒಂದು ಮೂಲೆಗೆ ನಾಲ್ಕು ಹನಿ ನೀರು, ಉಳಿದ ಭಾಗ ಒಣಗೇ ಇರಲಿ. ಮರಿಗೆ ನೀರು ಬೇಕು ಅಂತ ಇಡೀ ಡಬ್ಬಿ ತೋಯಿಸಿ ಬೂಷ್ಟಿಗೆ ಬಲಿಕೊಟ್ಟವರೇ ಹೆಚ್ಚು.

ಮೇವು ವಾರಕ್ಕೆರಡು ಸಲ, ಮರಿಯ ಹೊಟ್ಟೆಗಿಂತ ದೊಡ್ಡದಲ್ಲದ ಜಿರಲೆ ಮರಿ ಒಂದು. ಓಡಿಸಿ ಹಿಡಿಯದ ಮರಿಗೆ ಮೀಲ್‌ವರ್ಮ್ ಕತ್ತರಿಸಿ ಒಂದು ಚೂರು ಇಟ್ಟರೆ ಅದನ್ನೇ ಹೀರುತ್ತದೆ. ಮಾರನೇ ದಿನ ಉಳಿದದ್ದನ್ನು ತೆಗೆಯಲೇಬೇಕು. ಜ್ವರದಲ್ಲಿರುವ ಮರಿಯನ್ನು ಉಳಿದ ಜಿರಲೆ ಕಡಿಯುತ್ತದೆ. ಹೊಟ್ಟೆ ಹೊಳೆಯುತ್ತಾ ಮರಿ ಮೇವು ಬಿಟ್ಟರೆ ಡಬ್ಬಿಯ ಮೇಲೆ ತಾರೀಖು ಬರೆದು, ಪೊರೆ ಕಾಣುವವರೆಗೆ ಮುಚ್ಚಳ ತೆಗೆಯಬೇಡಿ. ಎಲ್ಲವೂ ಉಳಿಯುವುದಿಲ್ಲ. ಕಾಲು ಸೊಟ್ಟಾಗಿ ಎದ್ದವು, ತಿನ್ನದೇ ಸೊರಗಿದವು ಪ್ರತಿ ಚೀಲದಲ್ಲೂ ಕೆಲವು ಇದ್ದೇ ಇರುತ್ತವೆ.

ಬೇರೆಯವರಿಗೆ ಕೊಡುವುದಾದರೆ ನಿಮ್ಮ ಹತ್ತಿರ ಇನ್ನೊಂದು ಜ್ವರ ಎದ್ದು, ಎರಡು ಸಲ ತಿಂದ ಮೇಲೆ ಕೊಡಿ. ಚೀಟಿಯಲ್ಲಿ ಜಾತಿಯ ಪೂರ್ತಿ ಹೆಸರು, ಚೀಲದ ತಾರೀಖು, ತಂದೆ ತಾಯಿ ಎಲ್ಲಿಂದ ಬಂದವು ಅಂತ ಇರಲಿ; ಅಣ್ಣತಂಗಿಯರನ್ನೇ ಮತ್ತೆ ಜೋಡಿ ಮಾಡದಿರಲು ಮುಂದೆ ಅವರಿಗೆ ಇದೊಂದೇ ಆಧಾರ. ಬೇರೆ ಬೇರೆ ಜಾತಿ ಬೆರೆಸುವ ಪ್ರಯೋಗವಂತೂ ಬೇಡವೇ ಬೇಡ. ಬಸ್ಸಿನ ಪಾರ್ಸೆಲ್, ಕೊರಿಯರ್ ಬಿಟ್ಟು ಕೈಯಿಂದ ಕೈಗೆ ಕೊಡಿ. ಟಿಶ್ಯೂ ಪೇಪರನ್ನು ಸಡಿಲವಾಗಿ ತುಂಬಿದ ಡಬ್ಬಿ, ಬೆಳಗಿನ ತಂಪಿನ ಪ್ರಯಾಣ.

ತಾಯಿಯನ್ನು ಇಷ್ಟರಲ್ಲಿ ಮರೆತಿರುತ್ತೀರಿ. ಚೀಲ ತೆಗೆದ ದಿನ ಆಕೆಗೆ ನೀರು ಮಾತ್ರ, ಮೂರು ನಾಲ್ಕು ದಿನ ಬಿಟ್ಟು ಸಣ್ಣ ಜಿರಲೆಯಿಂದ ಶುರು. ಹೊಟ್ಟೆ ಒಣ ಅಂಜೂರದಂತೆ ಸುಕ್ಕಾಗಿದ್ದದ್ದು ತಿಂಗಳೊಳಗೆ ತುಂಬುತ್ತದೆ. ಹಾಗೆ ತುಂಬಿಕೊಂಡು ಮತ್ತೆ ಬಾಗಿಲು ಮುಚ್ಚಿಕೊಂಡರೆ ಜ್ವರ ಅಂತಲೇ ತೀರ್ಮಾನಿಸಿ ಡಬ್ಬಿ ಅಲುಗಿಸಬೇಡಿ. ಪೊರೆ ಬಿಡುವ ತನಕ ಹಳೇ ವೀರ್ಯ ಒಳಗೇ ಇರುತ್ತದೆ, ಅದರಿಂದಲೇ ಕೆಲವು ಹೆಣ್ಣುಗಳು ಎರಡನೇ ಚೀಲ ಕಟ್ಟುವುದುಂಟು. ಮತ್ತೆ ನೂರು ಡಬ್ಬಿ ತೊಳೆದಿಟ್ಟುಕೊಳ್ಳಿ.